ಎಡಕ್ಕೊಂದು, ಬಲಕ್ಕೊಂದು ಅಳತೆ

ಮಾರ್ಚ್ 3, ಸೋಮವಾರ

ಕ್ಲಿನಿಕ್ಕಿನಿಂದ ಬಂದದ್ದು ಎರಡೂವರೆಗೆ. ಹಲ್ಲುನೋವಿನವರ ಫೋನ್ ಎತ್ತಿ ಎತ್ತಿ ಕಿವಿ ಬಿಸಿ. ಊಟ ಮುಗಿಸಿ ಮಷಿನ್ನಿಗೆ ಎಣ್ಣೆ ಬಿಟ್ಟೆ. ಬಾಬಿನ್ ಕೇಸಿನಲ್ಲಿ ಹಳೆಯ ದಾರದ ಗಂಟು, ಪಿನ್ನಿನಲ್ಲಿ ಕೆದಕಿ ತೆಗೆದೆ. ಆಮೇಲೆ ಅಕ್ಕನ ಅಳತೆ.

ನಾಲ್ಕು ತಿಂಗಳಿಂದ ಅಕ್ಕ ನಮ್ಮಲ್ಲೇ ಇದ್ದಾಳೆ. ಕ್ಯಾನ್ಸರ್ ಎಂದು ಬಲಗಡೆಯ ಎದೆ ತೆಗೆದ ಮೇಲೆ ಅವಳ ಮೈ ನೋಡಿದ್ದು ಇವತ್ತೇ ಮೊದಲು. ಬ್ಯಾಂಡೇಜು ಬದಲಾಯಿಸುವಾಗೆಲ್ಲ ನರ್ಸ್ ಇರುತ್ತಿದ್ದರು, ನಾನು ಬಾಗಿಲ ಕಡೆ ಮುಖ ಮಾಡಿ ನಿಲ್ಲುತ್ತಿದ್ದೆ. ಇವತ್ತು ಕಣ್ಣು ಎಲ್ಲಿಡುವುದೆಂದು ತಿಳಿಯಲಿಲ್ಲ.

"ಟೇಪ್ ನೋಡೇ. ಗೋಡೆ ಅಳೀತಿದ್ದೀಯಾ?" ಅಂದಳು.

ಬರೆದುಕೊಂಡೆ. ಎಡಕ್ಕೊಂದು ಸಾಲು, ಬಲಕ್ಕೊಂದು ಸಾಲು. ಇಪ್ಪತ್ತು ವರ್ಷದಿಂದ ಹೊಲಿಯುತ್ತಿದ್ದೇನೆ, ಹೀಗೆ ಎಂದೂ ಬರೆದಿರಲಿಲ್ಲ.

ಮಾರ್ಚ್ 4

24ಕ್ಕೆ ಅಕ್ಕನ ರಜೆ ಮುಗಿದು ಸ್ಕೂಲು ಶುರು. ಎಂಟನೇ ಕ್ಲಾಸಿಗೆ ಗಣಿತದ ಟೀಚರು ಅವಳು. ಹೋಗುತ್ತಾಳೋ ಇಲ್ಲವೋ ಅನ್ನುವುದೇ ಪ್ರಶ್ನೆ. ಹಳೆಯ ಬಟ್ಟೆಯೆಲ್ಲ ಬಲಗಡೆ ಜೋತುಬೀಳುತ್ತದೆ. ಆಸ್ಪತ್ರೆಯವರು ಒಳಗಿಡಲು ಪ್ಯಾಡ್ ಕೊಟ್ಟಿದ್ದರು. ಒಂದು ದಿನ ಹಾಕಿಕೊಂಡಳು, ಆಮೇಲೆ ಬೀರುವಿಗೆ ಎಸೆದಳು.

"ಬೆವರತ್ತೆ, ಜಾರತ್ತೆ. ಬೋರ್ಡ್ ಕಡೆ ತಿರುಗಿದಾಗ ಹೊಟ್ಟೆಗಿಳಿದ್ರೆ? ನಲವತ್ತು ಮಕ್ಕಳ ಮುಂದೆ? ಈಗ ಹೇಗಿದ್ದೀನೋ ಹಾಗೇ ಕೂರೋ ಒಂದು ಡ್ರೆಸ್ ಮಾಡ್ಕೊಡು. ಆಗಲ್ಲ ಅಂದ್ರೆ ಹೇಳ್ಬಿಡು, ರಾಜೀನಾಮೆ ಬರೆದಿಟ್ಟಿದ್ದೀನಿ."

ನಿಜವಾಗಿಯೂ ಬರೆದಿಟ್ಟಿದ್ದಾಳೆ. ತಲೆದಿಂಬಿನ ಪಕ್ಕದ ಫೈಲಿನಲ್ಲಿದೆ, ತಾರೀಖು ಮಾತ್ರ ಖಾಲಿ. ಟೈಲರ್ ಹತ್ತಿರ ಹೋಗೆಂದರೆ ಹೋಗುವುದಿಲ್ಲ. ಎಲ್ಲ ನನ್ನ ತಲೆ ಮೇಲೆ.

ಮಾರ್ಚ್ 8, ಶನಿವಾರ

ಹಳೆಯ ಬೆಡ್‌ಶೀಟಿನಲ್ಲಿ ಮೊದಲು ಒಂದು ಹೊಲಿದು ತೊಡಿಸಿ ನೋಡಿದೆ. ಹೂವಿನ ಬೆಡ್‌ಶೀಟು. ನಮ್ಮವರು ಇಣುಕಿ, "ಅತ್ತಿಗೆ, ದಿಂಬಿನ ಕವರ್ ಯಾವಾಗ?" ಅಂದರು. ಅಕ್ಕ ಚಪ್ಪಲಿ ಹುಡುಕಿದಳು. ಪರಾರಿ.

ಬಲಗಡೆ ಚಪ್ಪಟೆಯಾಗಿ ಕೂತಿತು. ಆಮೇಲೆ ಕೈ ಎತ್ತಿಸಿದೆ. ಬಲಗೈ ಕಿವಿಯ ಮಟ್ಟಕ್ಕೆ ಬಂದು ನಿಂತಿತು. ಅದಕ್ಕಿಂತ ಮೇಲೆ ಆಸೆ ಇಟ್ಟುಕೊಳ್ಳಬೇಡಿ ಎಂದು ಡಾಕ್ಟರು ಹೇಳಿದ್ದಾರೆ.

"ಬೋರ್ಡಿನ ಮೇಲ್ಗಡೆ?"

"ಉದ್ದ ಇರೋ ಹುಡುಗಿ ಒಬ್ಬಳಿದ್ದಾಳೆ. ಅವಳ ಕೈಲಿ ಬರೆಸ್ತೀನಿ."

ಕಿವಿಯ ಮಟ್ಟಕ್ಕೇ ತೋಳಿನ ಸುತ್ತು ಗುರುತು ಮಾಡಿದೆ. ಬೆಡ್‌ಶೀಟು ಬಿಚ್ಚಿ, ಪೇಪರಿನಲ್ಲಿ ಎರಡು ಮುಂಭಾಗ ಕತ್ತರಿಸಿದೆ. ಒಂದರ ಮೇಲೆ ಎಡ, ಇನ್ನೊಂದರ ಮೇಲೆ ಬಲ ಎಂದು ದಪ್ಪಗೆ ಬರೆದೆ.

ಮಾರ್ಚ್ 16, ಭಾನುವಾರ. ಮಧ್ಯಾಹ್ನ

ಆಗಬಾರದ್ದು ಆಯಿತು.

ನೀಲಿ ಬಟ್ಟೆ. ಅಕ್ಕ ಆಸ್ಪತ್ರೆಗೆ ಸೇರುವ ಮೊದಲೇ ಆಸೆಪಟ್ಟು ತಂದದ್ದು, ಥಾನಿನ ಕೊನೆಯ ಮೂರು ಮೀಟರು. ನೆಲದ ಮೇಲೆ ಹರವಿದೆ, ಇಸ್ತ್ರಿ ಮಾಡಿದೆ, ಚಾಕಿನಲ್ಲಿ ಗುರುತು ಹಾಕಿದೆ, ಕತ್ತರಿಸಿದೆ. ಕತ್ತರಿ ಎಷ್ಟು ಚೆನ್ನಾಗಿ ಓಡಿತು! ಚೂರುಗಳನ್ನು ಆರಿಸಿ ಏಳುವಾಗ ನೋಡಿದರೆ ಕುರ್ಚಿಯ ಮೇಲೆ 'ಬಲ' ಎಂದು ಬರೆದ ಕಾಗದ. ಅದನ್ನು ಮುಟ್ಟಿಯೇ ಇಲ್ಲ.

ಬಟ್ಟೆಯನ್ನು ಪೂರ್ತಿ ಬಿಚ್ಚಿ ಹಾಸಿ, ಎರಡೂ ಕಾಗದ ಪಕ್ಕಪಕ್ಕ ಇಟ್ಟು ಕತ್ತರಿಸಬೇಕಿತ್ತು. ನಾನು ಎಂದಿನಂತೆ ಎರಡಾಗಿ ಮಡಚಿ, ಎಡದ ಕಾಗದ ಇಟ್ಟು, ಒಂದೇ ಏಟಿಗೆ ಎರಡೂ ಕಡೆ ಕತ್ತರಿಸಿದ್ದೇನೆ. ಎಡ ಹೇಗೋ ಬಲವೂ ಹಾಗೆ. ತುಂಬಿದ ಎರಡು ಎದೆ.

ಉಳಿದಿರುವುದು ಬೆಲ್ಟಿಗೆಂದು ತೆಗೆದಿಟ್ಟ ಪಟ್ಟಿ, ಮತ್ತೆ ಚಿಂದಿ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಅಂಗಡಿಗೆ ಫೋನ್ ಮಾಡಿದೆ... ಆ ಬಟ್ಟೆ ಬರುವುದೇ ನಿಂತುಹೋಗಿದೆಯಂತೆ.

ಅಕ್ಕನಿಗೆ ಹೇಳಿಲ್ಲ. "ಎಲ್ಲಿಗೆ ಬಂತು?" ಎಂದು ಒಳಗಿಂದ ಕೇಳಿದಳು. ನಡೀತಿದೆ ಅಂದೆ.

ಮಾರ್ಚ್ 19, ಬುಧವಾರ

ಮೂರು ದಿನ ಬಾಯಿಗೆ ಬೀಗ. ಇವತ್ತು ಕಚ್ಚಾ ಹೊಲಿಗೆ ಹಾಕಿ ತೊಡಿಸಿದೆ. ತೊಡಿಸುವ ಮೊದಲೇ ಬೀರುವಿನಿಂದ ಪ್ಯಾಡ್ ತಂದು ಮೇಜಿನ ಮೇಲೆ ಇಟ್ಟಿದ್ದೆ, ಕಳ್ಳಿಯ ಹಾಗೆ. ಒಂದೇ ಒಂದು ಸಲ ಇಟ್ಕೊಂಡು ನೋಡು ಅಂದೆ.

ಅಕ್ಕ ಕನ್ನಡಿ ನೋಡಿದಳು. ಬಲಗಡೆ ಬಟ್ಟೆ ಖಾಲಿ ಚೀಲವಾಗಿ ನಿಂತಿತ್ತು. ಪ್ಯಾಡ್ ನೋಡಿದಳು. ನನ್ನನ್ನು ನೋಡಿದಳು.

"ನಾನು ಏನು ಹೇಳಿದ್ದೆ?"

"ತಪ್ಪಾಯ್ತು. ಅಭ್ಯಾಸ... ಕೈ ತಾನಾಗೇ ಮಡಚ್ಬಿಡ್ತು."

"ನಿನ್ನ ಕೈಗೆ ನಾನು ಹೀಗಿರೋದು ಇಷ್ಟ ಇಲ್ಲ. ಅಷ್ಟೇ."

ಡ್ರೆಸ್ ಕಳಚಿ ಕುರ್ಚಿಗೆ ಹಾಕಿ ಕೋಣೆಗೆ ಹೋದಳು. ಫೈಲ್ ತೆರೆದ ಸದ್ದು.

ಅದೇ ದಿನ, ಸಂಜೆ

ಅವಳು ಅಂದದ್ದು ಸುಳ್ಳಾಗಿದ್ದರೆ ಜಗಳವಾಡುತ್ತಿದ್ದೆ. ಸುಳ್ಳಲ್ಲ. ನನಗೆ ಹಳೆಯ ಅಕ್ಕನೇ ಬೇಕಿತ್ತು. ಬ್ಯಾಂಡೇಜಿನ ದಿನ ಬಾಗಿಲು ನೋಡುತ್ತ ನಿಂತವಳು ಭಾನುವಾರ ಕತ್ತರಿ ಹಿಡಿದಾಗಲೂ ಬಾಗಿಲನ್ನೇ ನೋಡುತ್ತಿದ್ದೆ.

ಹೋಗಿ ಹೇಳಿಬಿಟ್ಟೆ. ಇದೇ ಮಾತಲ್ಲಿ ಅಲ್ಲ, ಅಳುತ್ತ, ಅರ್ಧಂಬರ್ಧ.

"ನಂಗೂ ಅವಳೇ ಬೇಕಿತ್ತು ಕಣೇ," ಅಂದಳು ಅಕ್ಕ. "ಬರಲ್ಲ ಅವಳು. ಮೂಗು ಒರೆಸ್ಕೋ. ಬಲಗಡೆ ಒಳಗೆ ಹಿಡಿದು ಹೊಲಿಯಕ್ಕಾಗಲ್ವಾ?"

ಆಗುತ್ತೆ, ಆದರೆ ಕಂಕುಳಲ್ಲಿ ಬಿಗಿಯಾಗುತ್ತೆ, ಕೈ ಎತ್ತಕ್ಕಾಗಲ್ಲ ಅಂದೆ.

"ಅಲ್ಲಿಗೊಂದು ತುಂಡು ಸೇರಿಸು. ಬೆಲ್ಟ್ ಯಾರಿಗೆ ಬೇಕು? ನಾನೇನು ಡಾನ್ಸ್ ಮಾಡಕ್ಕೆ ಹೋಗ್ತಿದ್ದೀನಾ?"

ಮಾರ್ಚ್ 22, ಶನಿವಾರ

ಬಲಗಡೆ ಎರಡು ಟಕ್ ಹಿಡಿದೆ, ಪಕ್ಕದ ಹೊಲಿಗೆ ಒಳಗೆ ತಂದೆ. ಕಂಕುಳಿಗೆ ಬೆಲ್ಟಿನ ಪಟ್ಟಿಯಿಂದ ಚೌಕದ ತುಂಡು. ಅಲ್ಲಿ ಎರಡೆರಡು ಸಲ ಹೊಲಿಗೆ. ಕೈ ಕಿವಿಯವರೆಗೆ ಹೋಯಿತು, ಎಳೆಯಲಿಲ್ಲ. ಗುರುತು ಹಾಕುವಾಗ ಗಾಯದ ಗೆರೆಯನ್ನೇ ನೋಡಿಕೊಂಡು ಪಿನ್ ಚುಚ್ಚಿದೆ. ಕಂಕುಳಿಂದ ಶುರುವಾಗಿ ಸ್ವಲ್ಪ ಓರೆಯಾಗಿ ಹೋಗಿದೆ. ಡಾಕ್ಟರ ಹೊಲಿಗೆ ನನ್ನದಕ್ಕಿಂತ ಡೊಂಕು ಅಂದೆ. ನಗುತ್ತ ಅಲುಗಾಡಿದಳು, ಪಿನ್ ನನ್ನ ಬೆರಳಿಗೇ ಚುಚ್ಚಿತು.

ಮಾರ್ಚ್ 24, ಸೋಮವಾರ. ಬೆಳಿಗ್ಗೆ 7:40

ಜಿಪ್ ಎಳೆದುಕೊಟ್ಟೆ. ಕನ್ನಡಿಯ ಮುಂದೆ ತುಂಬ ಹೊತ್ತು ನಿಂತಳು. ಹೋದಳು. ಫೈಲನ್ನೂ ಬ್ಯಾಗಿಗೆ ಹಾಕಿಕೊಂಡಳು. ಯಾಕೆ ಎಂದು ಕೇಳುವ ಧೈರ್ಯ ಬರಲಿಲ್ಲ.

ಸಂಜೆ 4:50

ಗೇಟಿನಿಂದಲೇ ಕೂಗು. "ಏನೇ ನಿನ್ನ ಹೊಲಿಗೆ! ನಾಲ್ಕನೇ ಪೀರಿಯಡ್‌ಗೇ ಬಿಟ್ಕೊಂಡ್ಬಿಡ್ತು!"

ಬೀದಿಗೆಲ್ಲ ಕೇಳಿರಬೇಕು. ಕಂಕುಳ ತುಂಡು ನಾಲ್ಕು ಬೆರಳಗಲ ಕಿತ್ತುಬಂದಿದೆ. ಕರ್ಚೀಫ್ ಸಿಗಿಸಿಕೊಂಡು ಇನ್ನೂ ಮೂರು ಪೀರಿಯಡ್ ಮಾಡಿದ್ದಾಳೆ.

ಕುಣಿಯಲಾರದವಳು ನೆಲ ಡೊಂಕು ಅಂದಂತೆ ನಾನು ದಾರವನ್ನು ಬೈದೆ. ಆಮೇಲೆ ಹೊಳೆಯಿತು. ಆ ಹೊಲಿಗೆ ಕಿವಿಯವರೆಗೆ ನೂರು ಸಲ ಎತ್ತಿದರೂ ಬಿಡುವಂಥದ್ದಲ್ಲ.

"ಕೈ ಎಲ್ಲೀವರೆಗೆ ಎತ್ತಿದೆ?"

"ಆ ಉದ್ದದ ಹುಡುಗಿ ಮೇಲ್ಗಡೆ ಲೆಕ್ಕ ಬರೀತಿದ್ಲು. ಮೈನಸ್ ಬಿಟ್ಟೇಬಿಟ್ಲು! ತಡ್ಕೊಳ್ಳಕ್ಕಾಗ್ಲಿಲ್ಲ ನಂಗೆ. ಚಾಕ್‌ಪೀಸ್ ಕಿತ್ಕೊಂಡು ನಾನೇ..." ಎಂದವಳು ಗೋಡೆಯ ಹತ್ತಿರ ಹೋಗಿ ಬಲಗೈ ಎತ್ತಿ ತೋರಿಸಿದಳು. ಹಲ್ಲು ಕಚ್ಚಿಕೊಂಡು, ಬೆರಳು ಗಡಿಯಾರದ ಕೆಳಗಿನ ಅಂಚಿಗೆ ತಾಗುವವರೆಗೆ. "ನೋವಾಯ್ತು," ಅಂದಳು. "ಆಗ್ಲಿ."

ನನಗೆ ಅಳು ಬಂತು. ಅವಳಿಗೆ ಪುರುಸೊತ್ತಿಲ್ಲ.

"ಅಳೋದು ಆಮೇಲೆ ಇಟ್ಕೋ. ನಾಳೆ ಮೊದಲನೇ ಪೀರಿಯಡ್ಡೇ ನಂದು, ಇದೇ ಬೇಕು."

ದೊಡ್ಡ ತುಂಡು ಹಾಕಬೇಕು. ಬೆಲ್ಟಿನ ಪಟ್ಟಿ ಇನ್ನೂ ಒಂದು ಗೇಣು ಇದೆ. ಹಳೆಯ ಅಳತೆ ನಡೆಯುವುದಿಲ್ಲ, ಹೊಸದಾಗಿ ತೆಗೆಯಬೇಕು — ಕರೆಯುತ್ತಿದ್ದಾಳೆ, ಆಗಲೇ ಕೈ ಎತ್ತಿಕೊಂಡು ನಿಂತಿದ್ದಾಳಂತೆ, ಬೇಗ ಬಾರೇ ಅಂತ...