ಎಡಗೈಯ ಒರೆ

ಆಗಸ್ಟ್ 19, ಬೆಳಿಗ್ಗೆ

ತೊಗಲನ್ನು ಹುಳಿಮಜ್ಜಿಗೆಯಿಂದ ತೆಗೆದೆ. ಐದು ದಿನ ನೆನೆದಿದೆ. ನಿದ್ದೆ ಹೋದ ಮಗುವಿನ ಕೆನ್ನೆಯ ಹಾಗೆ ಮೆತ್ತಗೆ. ಹೊರಗೆ ಮಂಜು. ಕುದುರೆಗಳು ಕಾಣುವುದಿಲ್ಲ, ಉಸಿರು ಮಾತ್ರ ಕೇಳುತ್ತದೆ. ಹಂಗಾಯ್ ಬೆಟ್ಟವೇ ಉಸಿರಾಡುತ್ತಿರಬಹುದು ಅನ್ನಿಸಿತು... ತೊಗಲು ಹಿಡಿದುಕೊಂಡು ಸುಮ್ಮನೆ ನಿಂತಿದ್ದೆ.

ಸೆಪ್ಟೆಂಬರ್ 12ಕ್ಕೆ ಕಿರಿಮಗಳು ಸುವ್ದಾಳ ಹೊಸ ಗುಡಾರ. ಮನೆಯ ಒಲೆ ಕೊನೆಯ ಮಗುವಿಗೆ. ನನಗೆ ಮೂವರೂ ಹೆಣ್ಣು. ದೊಡ್ಡವರಿಬ್ಬರು ಗಂಡಂದಿರ ಕಡೆ ಹೋದರು. ಸುವ್ದಾಳ ಗಂಡ ಲುಂದೆಗ್ ನಮ್ಮಲ್ಲಿಗೇ ಬಂದಿದ್ದಾನೆ. ಒಲೆ ಅವಳದೇ. ಒಲೆ ಹಿಡಿಯುವವರಿಗೆ ತಾಯಿ ಚೂರಿಯ ಒರೆ ಹೊಲಿದು ಕೊಡಬೇಕು, ಪಕ್ಕಕ್ಕೆ ಚಕಮಕಿಯ ಚೀಲ ಸೇರಿಸಿ. ಮೊದಲ ಬೆಂಕಿ ಅದರಿಂದಲೇ.

ಮನೆಯವರ ಅಕ್ಕ ಯಾಂಜಿಮಾ ಬಂದಿದ್ದಳು. ಮೂರು ಬಟ್ಟಲು ಚಹಾ ಆದ ಮೇಲೆ ಬಾಯಿಬಿಟ್ಟಳು.

"ಅಳಿಯನ ಸೊಂಟಕ್ಕೆ ಕಟ್ಸೇ. ಹೆಂಗಸು ಚಕಮಕಿ ತೂಗಾಡಿಸ್ಕೊಂಡು ಓಡಾಡೋದನ್ನ ಯಾರು ನೋಡಿದಾರೆ?"

"ಹನ್ನೆರಡಕ್ಕೆ ಬಾ ಅಕ್ಕ. ನೋಡ್ಬಹುದು."

ನಾಲ್ಕನೇ ಬಟ್ಟಲು ಕೇಳಲಿಲ್ಲ.

ಆಗಸ್ಟ್ 24

ತೊಗಲನ್ನು ಮತ್ತೆ ಒದ್ದೆ ಮಾಡಿ ಚೂರಿಗೆ ಸುತ್ತಿ ಹೊಲಿದೆ. ಇನ್ನು ನಾಲ್ಕು ದಿನ ನೆರಳಿನಲ್ಲಿ. ಒಣಗಿದ ಮೇಲೆ ತೊಗಲು ಆ ಚೂರಿಯನ್ನು ಮರೆಯುವುದಿಲ್ಲ. ಹಿಡಿಯ ಬಾಗು ಅದರಲ್ಲಿ ಮೂಡಿರುತ್ತದೆ. ತಿರುಗಿಸಿ ತೂರಿಸಿದರೆ ಒಳಗೆ ಬಿಡುವುದಿಲ್ಲ. ಬೆಂಕಿಯ ಹತ್ತಿರ ಇಟ್ಟು ಬೇಗ ಒಣಗಿಸುವವರಿದ್ದಾರೆ. ಸೋಮಾರಿಗಳು.

ಹೊಲಿಯುತ್ತಲೇ ತೂಕಡಿಕೆ ಬಂತು. ಕಣ್ಣು ತೆರೆದಾಗ ಹೊಲಿಗೆ ಒಂದು ಗೇಣು ಮುಂದೆ ಹೋಗಿತ್ತು, ನೆಟ್ಟಗೆ. ಕೈಗೆ ನಾನು ಬೇಕಾಗಿಲ್ಲ.

ಆಗಸ್ಟ್ 28

ಚೀಲ ಸೇರಿಸಲು ಕೂತೆ. ಹೊರಗೆ ಸುವ್ದಾ ಸೌದೆ ಸೀಳುತ್ತಿದ್ದಳು. ಎಡಗೈಯಲ್ಲಿ.

ಒರೆಯನ್ನು ಬಲಗೈಗೆ ಮಾಡಿದ್ದೇನೆ. ನಲವತ್ತು ವರ್ಷದಿಂದ ಬಲಗೈಗೇ ಮಾಡಿದ್ದು.

ಅವಳಿಗೆ ಏಳು ವರ್ಷವಾಗಿದ್ದಾಗ ಆ ಎಡಗೈಯನ್ನು ತೊಗಲಿನ ದಾರದಲ್ಲಿ ಸೊಂಟಕ್ಕೆ ಕಟ್ಟಿದ್ದೆ. ಒಂದು ಚಳಿಗಾಲ ಪೂರ್ತಿ. ಅವಳು ಅಳಲಿಲ್ಲ. ನಾನು ಬಿಚ್ಚಲಿಲ್ಲ. ಕೊನೆಗೆ ಬಿಚ್ಚಿದ್ದು ಅವಳ ಅಪ್ಪ.

ಈ ಒರೆ ಎಡಗೈಯದೇ ಆಗಬೇಕು. ಯಾಕೆಂದು ಯಾರಿಗೂ ಹೇಳಬೇಕಾಗಿಲ್ಲ. ಚೀಲವನ್ನು ಆ ಬದಿಯಿಂದ ಈ ಬದಿಗೆ ತಂದು ಹೊಲಿದೆ. ಸೊಂಟದ ಪಟ್ಟಿಯನ್ನೂ.

ಸೆಪ್ಟೆಂಬರ್ 5

ಕೊಟ್ಟೆ. ಸುವ್ದಾ ಎರಡು ಸಲ ತಿರುಗಿಸಿ ನೋಡಿದಳು. ಚೂರಿಯನ್ನು ಸ್ವಲ್ಪ ಎಳೆದು ಮತ್ತೆ ಒಳಕ್ಕೆ ಒತ್ತಿದಳು. "ಎಡಕ್ಕೆ ಮಾಡಿದೀಯ," ಅಂದಳು. ಅಷ್ಟೇ. ಕಣ್ಣು ತೇವವಾಗಿತ್ತು. ಗಾಳಿಯೇನೂ ಇರಲಿಲ್ಲ.

ಸೆಪ್ಟೆಂಬರ್ 8, ಬೆಳಕು ಹರಿಯುವಾಗ

ಕನಸು. ಅತ್ತೆ— ಹೋಗಿ ಮೂವತ್ತು ವರ್ಷವಾಯಿತು— ಅಂಗೈಯಲ್ಲಿ ಕೆಂಡ ಇಟ್ಟುಕೊಂಡು ಗುಡಾರದ ಸುತ್ತ ನಡೆಯುತ್ತಿದ್ದರು. ಬಾಗಿಲು ತೆಗೆದೆ. ನಿಂತರು, ನನ್ನ ಹೆಗಲಾಚೆ ಏನನ್ನೋ ನೋಡಿದರು, ಒಳಗೆ ಬಾರದೆ ಮುಂದೆ ನಡೆದರು. ಅವರು ಕಾಲಿಟ್ಟಲ್ಲೆಲ್ಲ ಹುಲ್ಲು ಬೆಳ್ಳಗಾಗುತ್ತಿತ್ತು.

ಎದ್ದು ನೋಡಿದರೆ ನಿಜವಾಗಿಯೂ ಹುಲ್ಲು ಬೆಳ್ಳಗಿದೆ. ಈ ವರ್ಷ ಮೊದಲ ಸಲ ಇಬ್ಬನಿ ಹೆಪ್ಪುಗಟ್ಟಿದೆ.

ಸೆಪ್ಟೆಂಬರ್ 9, ಮಧ್ಯಾಹ್ನ

ಹೊಳೆಯ ಹತ್ತಿರ ಸುವ್ದಾ ಹಗ್ಗ ಕೊಯ್ಯಲು ಚೂರಿ ಎಳೆದಳು. ನೀರಿನ ಬೆಳಕು ಅಲಗಿನ ಮೇಲೆ ಹರಿಯಿತು. ಚೂರಿಯ ಹರಿತ ಬಾಯಿ ಚಕಮಕಿಯ ಕಡೆಗೆ.

ಬೆಂಕಿಯ ಕಡೆ ಚೂರಿಯ ಬೆನ್ನು ಇರಬೇಕು. ಬಾಯಿ ಇದ್ದರೆ ಬೆಂಕಿಯ ಕುತ್ತಿಗೆ ಕೊಯ್ದ ಹಾಗೆ. ಅಂಥ ಒಲೆ ಎರಡನೇ ಚಳಿಗಾಲ ನೋಡುವುದಿಲ್ಲ. ಚೀಲ, ಪಟ್ಟಿಗಳ ಬದಿ ಮಾತ್ರ ಬದಲಿಸಿದೆ. ಬಲಗೈಗೆಂದು ಒಣಗಿದ ಒರೆ ಹಾಗೇ ಉಳಿಯಿತು. ದಬ್ಬಳ ಹಿಡಿಯಲು ಕಲಿಯುವವರು ಮಾಡುವ ತಪ್ಪು.

"ನಿಂಗೆ ಗೊತ್ತಿತ್ತಾ?"

"ಕೊಟ್ಟ ದಿನಾನೇ."

"ಯಾಕೆ ಹೇಳ್ಲಿಲ್ಲ?"

"ನಿಂಗೆ ಯಾರಮ್ಮ ಹೇಳೋದು?"

ಹಗ್ಗ ಸುತ್ತಿಕೊಂಡು ಹೋದಳು. ನಾನು ಕಲ್ಲಿನ ಮೇಲೆ ಕೂತೆ. ನೀರು ಹರಿಯುತ್ತಲೇ ಇತ್ತು... ಎಷ್ಟು ಹೊತ್ತೋ.

ಅದೇ ದಿನ, ಹಾಲು ಕರೆದ ಮೇಲೆ

ತೊಗಲು ನೆನೆಯಲು ಐದು ದಿನ, ಒಣಗಲು ನಾಲ್ಕು. ಇರುವುದು ಮೂರು.

ಲುಂದೆಗ್ ಬಾಗಿಲಲ್ಲಿ ನಿಂತು, ನೆಲ ನೋಡುತ್ತಾ, "ಅತ್ತೆ, ನನ್ನ ಚಕಮಕಿ ಇದೆಯಲ್ಲ, ಅದ್ರಲ್ಲೇ ಹಚ್ಚಿಬಿಡ್ತೀವಿ. ಯಾರಿಗೂ ಗೊತ್ತಾಗಲ್ಲ," ಅಂದ. ಒಳ್ಳೆಯ ಹುಡುಗ. ಯಾರಿಗೂ ಗೊತ್ತಾಗುವುದಿಲ್ಲ, ನಿಜ. ನನ್ನ ಹೆಸರು ಉಳಿಯುತ್ತದೆ. ಬೆಂಕಿ ಮಾತ್ರ ಅವನ ಮನೆತನದ್ದಾಗುತ್ತದೆ. ಸುವ್ದಾ ತನ್ನ ಒಲೆಯಲ್ಲೇ ಸೊಸೆಯಾಗುತ್ತಾಳೆ.

ಸೆಪ್ಟೆಂಬರ್ 10

ಬೆಳಿಗ್ಗೆಯೇ ಕುದುರೆ ಹತ್ತಿದೆ. ಫೋನಿನಲ್ಲಿ ಹೇಳುವ ಮಾತಲ್ಲ. ಮೊದಲು ಯಾಂಜಿಮಾಳ ಗುಡಾರ. ಕೂರಲಿಲ್ಲ.

"ದಿನ ಮುಂದೆ ಹಾಕಿದೀನಿ ಅಕ್ಕ. ಒರೆ ಹೊಲಿಯೋದ್ರಲ್ಲಿ ತಪ್ಪು ಮಾಡ್ದೆ. ಚೂರಿ ಬಾಯಿ ಬೆಂಕಿ ಕಡೆ ಬಂದಿದೆ."

"ನೀನಾ?"

"ನಾನೇ."

ನಗುತ್ತಾಳೆಂದು ಕಾದೆ. ಅವಳು ಚಹಾ ಬಗ್ಗಿಸಿದಳು. ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು ಕೊಟ್ಟಳು.

ಆಮೇಲೆ ಹನ್ನೊಂದು ಗುಡಾರ. ಎಲ್ಲ ಕಡೆ ಅದೇ ಮಾತು. ಐದನೆಯದರ ಹೊತ್ತಿಗೆ ನಾಲಿಗೆಗೆ ಅಭ್ಯಾಸವಾಯಿತು. ಬರುವಾಗ ಲಗಾಮು ಸಡಿಲ ಬಿಟ್ಟಿದ್ದೆ. ಮೋಡದ ನೆರಳುಗಳು ಹುಲ್ಲಿನ ಮೇಲೆ ತೇಲುತ್ತಿದ್ದವು, ನಾವೂ ಒಂದು ನೆರಳು.

ಸೆಪ್ಟೆಂಬರ್ 16

ಹೊಸ ಒರೆ. ಈ ಸಲ ಸುವ್ದಾಳನ್ನು ಎದುರು ಕೂರಿಸಿದೆ. ಅವಳು ಎಡಗೈಯಲ್ಲಿ ಚೂರಿ ಹಿಡಿದಳು, ನಾನು ಸುತ್ತಿ ಹೊಲಿದೆ. ಒಂದು ಕಡೆ, "ಅಮ್ಮ, ಆ ಕಡೆ ಅಲ್ಲ," ಅಂದಳು. ಹೌದು, ಆ ಕಡೆ ಅಲ್ಲ. ಬಿಚ್ಚಿದೆ.

ಸೆಪ್ಟೆಂಬರ್ 27, ಬೆಳಿಗ್ಗೆ

ಎಲ್ಲರೂ ಬಂದಿದ್ದಾರೆ. ಸುವ್ದಾ ಗುಡಾರದ ಒಳಗೆ ಒಬ್ಬಳೇ. ನಾನು ಹೊರಗೆ, ಗಾಡಿಯ ನೊಗದ ಮೇಲೆ ಕೂತು ಬರೆಯುತ್ತಿದ್ದೇನೆ. ಉಕ್ಕು ಕಲ್ಲಿಗೆ ತಾಗುವ ಸದ್ದು. ಒಮ್ಮೆ. ಮತ್ತೊಮ್ಮೆ. ಇಲ್ಲ... ಮೂರನೆಯ ಸಲ ಸದ್ದು ಬೇರೆ. ಊದುತ್ತಿದ್ದಾಳೆ.

ಗುಡಾರದ ನೆತ್ತಿಯ ಕಂಡಿಯಿಂದ ಹೊಗೆ. ತೆಳ್ಳಗೆ, ನೀಲಿ.

ಇನ್ನು ಅದು ಅವಳ ಒಲೆ. ಅವಳು ಕರೆಯದೆ ಯಾರೂ ಒಳಗೆ ಹೋಗುವ ಹಾಗಿಲ್ಲ, ನಾನೂ. ಇಷ್ಟು ವರ್ಷದಲ್ಲಿ ಯಾವ ಬಾಗಿಲ ಹೊರಗೂ ಹೀಗೆ ಕಾದವಳಲ್ಲ. ಯಾಂಜಿಮಾ ಪಕ್ಕದಲ್ಲೇ ನಿಂತಿದ್ದಾಳೆ. ಬಾಗಿಲ ಪರದೆ ಅಲುಗುತ್ತಿದೆ. ಎಡಗೈ ಕಾಣಿಸುತ್ತಿದೆ. ಕರೆಯುತ್ತಿದ್ದಾ—