ಅಮ್ಮನ ಕುರ್ಚಿಯ ಹಲಗೆ

ಭಾನುವಾರ, ಬೆಳಿಗ್ಗೆ

ಅಕ್ಕಾ,

ಇಲ್ಲಿ ನಾನು ಕ್ಷೇಮ. ಅಲ್ಲಿ ಅಮ್ಮ ಕ್ಷೇಮವಲ್ಲ ಎಂದು ಹೇಳುವುದಕ್ಕೇ ಈ ಕಾಗದ. ಪೂರ್ತಿ ಓದು. ಆಮೇಲೆ ಬೇಕಾದರೆ ಒಲೆಗೆ ಹಾಕು.

ಹೋದ ವಾರ ಬಂದಾಗ ಭಾವ ಬಾಗಿಲಲ್ಲೇ ನಕ್ಕರು. "ಬಂದ್ರಪ್ಪ ಕರಪತ್ರ ಪಂಡಿತರು! ಇವತ್ತು ಯಾವ ಕ್ರಾಂತಿ?" ನನಗೇನೂ ಬೇಜಾರಿಲ್ಲ. ಪ್ರೆಸ್ಸಿನಲ್ಲಿ ದಿನವಿಡೀ ಕರಪತ್ರ ಮಡಿಸುವವನು ಮಡಿಸುವ ಮುಂಚೆ ಒಂದಿಷ್ಟು ಓದಿಕೊಂಡರೆ ಅದು ಕಳ್ಳತನವಲ್ಲ. ಕಾಲೇಜು ಕಾಣದವನಿಗೆ ಅದೇ ಕಾಲೇಜು.

ಒಳಗೆ ಬಂದು ಅಮ್ಮನ ಕುರ್ಚಿ ನೋಡಿದೆ. ಕಿಟಕಿಯ ಪಕ್ಕ, ದಿಂಬು ಕಟ್ಟಿದ ಕುರ್ಚಿ. ಕುರ್ಚಿಯ ಎರಡೂ ಕೈಗಳ ಮೇಲೆ ಅಡ್ಡಕ್ಕೆ ಒಂದು ಹಲಗೆ. ಭಾವ ಹೆಮ್ಮೆಯಿಂದ, "ಅಂಚು ಮುಟ್ಟಿ ನೋಡೋ, ಬೆಣ್ಣೆ! ತಟ್ಟೆ ಇಟ್ಕೋಬಹುದು, ಲೋಟ ಇಟ್ಕೋಬಹುದು" ಅಂದರು. ಮುಟ್ಟಿ ನೋಡಿದೆ. ನಿಜಕ್ಕೂ ಬೆಣ್ಣೆಯೇ. ಅವರ ಮರಗೆಲಸದಲ್ಲಿ ಯಾವತ್ತೂ ಒಂದು ಸಿಬಿರು ಎದ್ದದ್ದಿಲ್ಲ. ಆದರೆ ನನ್ನ ಬೆರಳು ಹಲಗೆಯ ಅಡಿಗೂ ಹೋಯಿತು. ಅಲ್ಲಿ ಚಿಲಕವಿತ್ತು, ಅಮ್ಮನ ಕೈಗೆ ಎಟುಕದ ಕಡೆ.

ಅಕ್ಕಾ, ತಟ್ಟೆ ಇಡುವ ಹಲಗೆಗೆ ಚಿಲಕ ಯಾಕೆ?

ನಿನ್ನ ಉತ್ತರ ನನಗೆ ಗೊತ್ತು. ಮಳೆಗಾಲಕ್ಕೆ ಮುಂಚೆ ಅಮ್ಮ ಬಚ್ಚಲಲ್ಲಿ ಜಾರಿದಳು. ನೀನು ಗಾರ್ಮೆಂಟ್ಸಿನಲ್ಲಿ, ಭಾವ ಕೆಲಸದಲ್ಲಿ. ಸಂಜೆ ನೀನು ಬಾಗಿಲು ತೆಗೆಯುವವರೆಗೂ ಅವಳು ಒದ್ದೆ ನೆಲದಲ್ಲೇ ಬಿದ್ದಿದ್ದಳು. ಮೂಳೆ ಮುರಿಯಲಿಲ್ಲ, ಆದರೆ ಕೂಗಿ ಕೂಗಿ ಗಂಟಲು ಒಡೆದಿತ್ತು. ಆ ಸಂಜೆ ನೀನು ಕಂಡದ್ದನ್ನು ನಾನು ಕಂಡಿಲ್ಲ, ಒಪ್ಪುತ್ತೇನೆ. ಅಮ್ಮನನ್ನು ಮನೆಯಲ್ಲಿಟ್ಟುಕೊಂಡು ಮೈ ತೊಳೆದು ತಲೆ ಬಾಚುವವಳು ನೀನು. ನಾನು ತಿಂಗಳಿಗೊಮ್ಮೆ ಬಂದು ಉಪದೇಶ ಮಾಡಿ ಹೋಗುವವನು. ಅದನ್ನೂ ಒಪ್ಪುತ್ತೇನೆ.

ಆದರೆ ಅವಳ ಕಾಲು ನೋಡಿದ್ದೀಯಾ? ನೂಲಿನ ಗಿರಣಿಯಲ್ಲಿ ಕದಿರಿನ ಸಾಲುಗಳ ನಡುವೆ ಇಡೀ ಪಾಳಿ ಓಡಾಡುತ್ತಿದ್ದ ಕಾಲು. ಒಂದು ಎಳೆ ತುಂಡಾದರೆ ಮಿಷನ್ನು ನಿಲ್ಲುವ ಮುಂಚೆ ಅಲ್ಲಿರುತ್ತಿದ್ದ ಕಾಲು. ಈಗ ಮೀನಖಂಡ ಹಿಡಿದರೆ ಚರ್ಮದೊಳಗೆ ಏನೂ ಸಿಗುವುದಿಲ್ಲ. ನೀನು ತಂದುಕೊಟ್ಟ ಚಪ್ಪಲಿಯನ್ನು ತಿರುಗಿಸಿ ನೋಡಿದೆ. ಅಟ್ಟೆಯ ಮೇಲೆ ಅಂಗಡಿಯ ಚೀಟಿ ಇನ್ನೂ ಹಾಗೇ ಅಂಟಿಕೊಂಡಿದೆ.

ಬೀಳದ ಹಾಗೆ ಕಾಯುವುದು ಕುರ್ಚಿಯಲ್ಲ ಅಕ್ಕಾ, ಕಾಲು. ವಯಸ್ಸಾದವರು ಕೂತಷ್ಟೂ ಮಾಂಸ ಕರಗುತ್ತದೆ, ಮಾಂಸ ಕರಗಿದಷ್ಟೂ ಬೀಳುತ್ತಾರೆ. ಕುರ್ಚಿಯಿಂದ ಎದ್ದು ಕೂರುವುದು, ಅಡಿಗೆಕಟ್ಟೆ ಹಿಡಿದು ಹಿಮ್ಮಡಿ ಎತ್ತುವುದು, ಯಾರಾದರೂ ಪಕ್ಕದಲ್ಲಿದ್ದಾಗ ಮನೆಯೊಳಗೆ ನಾಲ್ಕು ಹೆಜ್ಜೆ. ಇಷ್ಟು ಮಾಡಿದರೆ ಹಣ್ಣು ಮುದುಕರ ಕಾಲಿಗೂ ಬಲ ಬರುತ್ತದೆ. ಇದು ನನ್ನ ತಲೆಯಲ್ಲಿ ಹುಟ್ಟಿದ್ದಲ್ಲ, ನಾನು ಮಡಿಸಿದ ಆಸ್ಪತ್ರೆಯ ಕರಪತ್ರದಲ್ಲಿರುವುದು. ಒಂದು ಪ್ರತಿ ಇದರ ಜೊತೆಗಿದೆ. ನನ್ನನ್ನು ನಂಬಬೇಡ, ಅದನ್ನು ನಂಬು.

ಅವತ್ತು ನಾನು ಚಿಲಕ ತೆಗೆದದ್ದಕ್ಕೆ ನಿನಗೆ ಇನ್ನೂ ಕೋಪ. ಆದರೆ ನಡೆದದ್ದನ್ನು ನಡೆದ ಹಾಗೇ ನೆನೆಸಿಕೋ. ಅಮ್ಮ ನನ್ನ ಹೆಗಲು ಹಿಡಿದು ಎದ್ದಳು. ಮೊಣಕಾಲು ನಡುಗಿತು, ನಿಜ. ಆದರೂ ಅಡಿಗೆಮನೆಯ ಬಾಗಿಲವರೆಗೆ ನಡೆದಳು. ನಕ್ಕಳು ಕೂಡ. "ಲೋ, ನಿನ್ನ ಹೆಗಲಿಗಿಂತ ಗಿರಣಿ ಕಂಬಾನೇ ಗಟ್ಟಿ ಇತ್ತು ಕಣೋ" ಅಂದಳು. ಆಗ ನೀನು ಬಂದೆ, ತಟ್ಟೆ ಕೈಬಿಟ್ಟು ಕಿರುಚಿದೆ. ಅವಳು ಕುಸಿದದ್ದು ಆ ಕಿರುಚಾಟಕ್ಕೇ ಹೊರತು ಕಾಲಿನ ಸೋಲಿಗಲ್ಲ. ನಾನು ಹಿಡಿದುಕೊಂಡಿದ್ದೆ. ನೆಲಕ್ಕೆ ಮೆಲ್ಲಗೆ ಇಳಿಸಿದೆ.

"ಮತ್ತೆ ಬಿದ್ದು ಸೊಂಟ ಮುರಿದ್ರೆ ನಿನ್ನ ಕಾಗದ ಅಂಟಿಸಿ ಕೂಡಿಸ್ತೀಯೇನೋ? ಹೋಗು, ಇನ್ನು ಈ ಮನೆ ಹೊಸಿಲು ತುಳೀಬೇಡ" ಅಂದೆ ನೀನು. ಅಮ್ಮ ನಿನ್ನ ಮುಖವನ್ನೇ ನೋಡುತ್ತಿದ್ದಳು.

ಕೇಳುವುದು ಒಂದೇ. ಹಲಗೆ ಕಿತ್ತುಬಿಡು. ಭಾವ ಅದೇ ಮರದಲ್ಲಿ ಬಚ್ಚಲ ಗೋಡೆಗೆ ಒಂದು ಹಿಡಿಕೆ ಮಾಡಿ ಕೂರಿಸಲಿ. ಪಕ್ಕದ ಮನೆಯ ಟೈಲರಮ್ಮ ಮಧ್ಯಾಹ್ನ ಹೇಗೂ ಬೀಗ ತೆಗೆದು ಬಂದು ಅಮ್ಮನಿಗೆ ಊಟ ಮಾಡಿಸಿ, ಕಮೋಡಿಗೆ ಕೂರಿಸಿ ಹೋಗುತ್ತಾರಲ್ಲ, ಆಗ ಅವರ ಕೈ ಹಿಡಿದು ಎರಡು ಸಲ ಎದ್ದು ಕೂರಲಿ. ಸಂಜೆ ನೀನು ಬಂದ ಮೇಲೆ ಅಡಿಗೆಮನೆಯವರೆಗೆ ನಡೆಯಲಿ. ಬೀಳುವ ಭಯ ಪೂರ್ತಿ ಹೋಗುತ್ತದೆ ಎಂದು ಸುಳ್ಳು ಹೇಳುವುದಿಲ್ಲ. ಆದರೆ ಈ ಕುರ್ಚಿಯಿಂದ ಮುಂದಿನ ಜಾಗ ಹಾಸಿಗೆ. ಅಲ್ಲಿಂದ ಅವಳು ಏಳುವುದಿಲ್ಲ. ಗಿರಣಿಯ ಮಾಲೀಕ ಕೂಡ ಅವಳನ್ನು ಕಟ್ಟಿಹಾಕಿರಲಿಲ್ಲ. ನಾವು ಹಾಕಿದ್ದೇವೆ, ಬೆಣ್ಣೆಯಂಥ ಹಲಗೆಯಲ್ಲಿ.

ಕೋಪ ಇಳಿದ ಮೇಲೆ ಒಂದು ಸಾಲು ಬರೆ. ಬೈದಾದರೂ ಬರೆ.

ನಿನ್ನ ಪಂಡಿತ ತಮ್ಮ

ತಾ.ಕ.: ಗುರುವಾರ, ಮಧ್ಯಾಹ್ನ. ನಿನ್ನ ಮನೆಯಲ್ಲೇ ಕೂತು ಇಷ್ಟನ್ನು ಸೇರಿಸುತ್ತಿದ್ದೇನೆ. ಕಾಗದವನ್ನು ಅಂಚೆಗೆ ಹಾಕುವ ತಾಳ್ಮೆ ಇರಲಿಲ್ಲ. ನೀನು ಕೆಲಸಕ್ಕೆ ಹೋಗಿರುವ ಹೊತ್ತು ನೋಡಿಯೇ ಬಂದೆ. ಟೈಲರಮ್ಮನ ಮೇಲೆ ರೇಗಬೇಡ, ಕೀಲಿಗಾಗಿ ಅವರನ್ನು ಕಾಡಿದವನು ನಾನು.

ಚಿಲಕ ತೆಗೆದು ಹಲಗೆಯನ್ನು ಗೋಡೆಗೆ ಒರಗಿಸಿದೆ. ಎರಡೂ ಕೈ ಚಾಚಿ ನಿಂತೆ. ಅಮ್ಮ ನನ್ನ ಕೈ ನೋಡಲಿಲ್ಲ. ಮಡಿಲ ಮೇಲಿನ ಖಾಲಿ ಜಾಗದಲ್ಲಿ ಅವಳ ಬೆರಳು ಹಲಗೆಯ ಅಂಚು ಹುಡುಕಿತು. "ಯಾಕೋ ತೆಗ್ದೆ? ಹಾಕೋ, ಬಿದ್ದುಬಿಡ್ತೀನಿ" ಅಂದಳು. ಅವತ್ತು ಅಡಿಗೆಮನೆಯವರೆಗೆ ನಡೆದದ್ದನ್ನು ನೆನಪಿಸಿದೆ, ಬೇಡಿಕೊಂಡೆ, ಕಡೆಗೆ ಗದರಿಯೂ ಬಿಟ್ಟೆ. ಕುರ್ಚಿಯ ಕೈಗಳನ್ನು ಗಟ್ಟಿಯಾಗಿ ಹಿಡಿದು ಅಳತೊಡಗಿದಳು. "ನಾನು ಎದ್ದಿಲ್ಲ, ಸುಮ್ನೆ ಕೂತೇ ಇದೀನಿ ಅಂತ ಅಕ್ಕಂಗೆ ಹೇಳೋ" ಅಂದಳು.

ಹಲಗೆಯನ್ನು ಮತ್ತೆ ಕೂರಿಸಿದೆ. ಚಿಲಕವನ್ನೂ ನಾನೇ ಹಾಕಿದೆ. ಆ ಸದ್ದು ಕೇಳಿದ ಮೇಲೆ ಅಳು ನಿಲ್ಲಿಸಿದಳು. ಈಗ ಕುತ್ತಿಗೆ ವಾಲಿಸಿ ನಿದ್ದೆ ಮಾಡುತ್ತಿದ್ದಾಳೆ.

ಈ ಕಾಗದವನ್ನು ಹಲಗೆಯ ಮೇಲೆಯೇ ಇಟ್ಟು ಹೋಗುತ್ತೇನೆ. ನಾನು ತೆಗೆದರೆ ಅವಳು ಏಳುವುದಿಲ್ಲ ಅಕ್ಕಾ. ನೀನೇ ತೆಗೆಯಬೇಕು, "ಏಳಮ್ಮಾ" ಎಂದು ನೀನೇ ಹೇಳಬೇಕು. ಇವತ್ತೇ ಹೇಳು.