ನನ್ನ ಬಿಪಿ ಯಾಕೆ ನೋಡುತ್ತಾರೆ?

ಮಾರ್ಚ್ ೯, ಸೋಮವಾರ

ನನ್ನ ಪುಟ್ಟ ತಂಗಿಗೆ,

ನಾವಿಬ್ಬರೂ ಇಲ್ಲಿ ಇದ್ದ ಹಾಗೆ ಇದ್ದೇವೆ. ನೀನೂ ಮಕ್ಕಳೂ ಹೇಗಿದ್ದೀರಿ? ಉತ್ತರ ತಡವಾಯಿತೆಂದು ಬೈದುಕೊಂಡಿರುತ್ತೀಯ. ಹೊಲಿಗೆ ಯಂತ್ರದ ಮುಂದೆ ಕೂತರೆ ಏಳಲು ಬಿಡುವಿಲ್ಲ, ಎದ್ದರೆ ನಿನ್ನ ಭಾವನ ಹೊಟ್ಟೆನೋವಿಗೆ ಕ್ಲಿನಿಕ್ಕಿನ ಓಡಾಟ. ಹುಣ್ಣಂತೆ, ವಾಸಿಯಾಗುತ್ತದಂತೆ. ಅದಿರಲಿ, ನನಗೆ ಆ ಕ್ಲಿನಿಕ್ಕಿನವರ ಮೇಲೆಯೇ ಅನುಮಾನ.

ಯಾಕೆ ಅನ್ನುತ್ತೀಯಾ? ತುಂಬಾ ಒಳ್ಳೆಯವರು ಕಣೇ, ಅದಕ್ಕೇ! ರೋಗಿಯ ಹೆಂಡತಿಗೆ ಯಾವ ಡಾಕ್ಟರು ಎದ್ದು ಬಂದು ಕುರ್ಚಿ ಎಳೆದು ಕೊಡುತ್ತಾರೆ, ಹೇಳು? ಈ ಡಾಕ್ಟರಮ್ಮ ಕೊಡುತ್ತಾರೆ. ನಿನ್ನ ಭಾವನ ಹೊಟ್ಟೆ ಒತ್ತಿ ನೋಡಿ, ನನ್ನ ಕಡೆ ತಿರುಗಿ, "ಅಮ್ಮ, ನಿಮಗೆ ನಿದ್ದೆ ಬರ್ತಿದ್ಯಾ? ಊಟ ಸೇರುತ್ತಾ?" ಎನ್ನುತ್ತಾರೆ. ನರ್ಸ್ ನನ್ನ ತೋಳಿಗೂ ಪಟ್ಟಿ ಸುತ್ತಿ ಬಿಪಿ ನೋಡಿದಳು. ಹೆಚ್ಚಿದೆ ಎಂದು ಮಾತ್ರೆಯನ್ನೂ ಕೊಟ್ಟರು. ಅಲ್ಲಿ ಚೀಟಿ ಬರೆಯುವ ಹುಡುಗಿ ದಿನಾ ಸಂಜೆ ಫೋನ್ ಮಾಡಿ, "ಅಮ್ಮಾ, ಮಾತ್ರೆ ತಗೊಂಡ್ರಾ?" ಎಂದು ಕೇಳುತ್ತಾಳೆ. ಕಾಯಿಲೆಯವರದ್ದಲ್ಲ, ನನ್ನ ಮಾತ್ರೆ! ಅತಿ ವಿನಯ ಧೂರ್ತ ಲಕ್ಷಣ ಎಂದು ಅಪ್ಪ ಸುಮ್ಮನೆ ಹೇಳುತ್ತಿರಲಿಲ್ಲ.

ನನಗೇ ಏನೋ ದೊಡ್ಡ ಕಾಯಿಲೆ ಇದೆ, ಎಲ್ಲರೂ ಸೇರಿ ಮುಚ್ಚಿಡುತ್ತಿದ್ದಾರೆ. ಹಾಗಂದರೆ ನಿನ್ನ ಭಾವ ನಗುತ್ತಾರೆ. "ತರಕಾರಿಯವನ ತಕ್ಕಡಿ ಆಯ್ತು, ಹಾಲಿನವನ ಅಳತೆ ಆಯ್ತು. ಈಗ ಡಾಕ್ಟ್ರ ಒಳ್ಳೇತನಾನೂ ತೂಕ ಹಾಕ್ತೀಯೇನೇ?" ಎನ್ನುತ್ತಾರೆ. ಅಷ್ಟು ವರ್ಷ ಬಸ್ಸಿನಲ್ಲಿ ಕಂಡಕ್ಟರಾಗಿದ್ದರೂ ಟಿಕೆಟ್ ತೆಗೆದುಕೊಳ್ಳದವನ ಮುಖ ಗುರುತಿಸಲು ಬಾರದ ಮನುಷ್ಯ. ಪಾಪ, ಅವರಿಗೆ ಏನೂ ಗೊತ್ತಿಲ್ಲ. ಗೊತ್ತಿದ್ದರೆ ಹೇಳದೆ ಇರುತ್ತಿದ್ದರೇ? ಅವರ ಬಾಯಲ್ಲಿ ಎಳ್ಳು ನೆನೆಯುವುದಿಲ್ಲ. ನೀನು ಮದುವೆಗೆ ಮುಂಚೆ ಹೇಳಿದ ಗುಟ್ಟನ್ನು ಸಂಜೆಯೊಳಗೆ ಅಪ್ಪನಿಗೆ ಮುಟ್ಟಿಸಿದ್ದು ಮರೆತೆಯಾ?

ಗುರುವಾರ ಮತ್ತೆ ಹೋಗಬೇಕು. ನೀರು ಕುಡಿದು ಬರುತ್ತೇನೆಂದು ಎದ್ದು, ಡಾಕ್ಟರಮ್ಮನ ಕೋಣೆಯ ಪರದೆಯ ಹಿಂದೆ ನಿಲ್ಲುತ್ತೇನೆ. ಇವರ ಕಳ್ಳಾಟ ಬಯಲಾಗಲಿ.

ಮಕ್ಕಳಿಗೆ ನನ್ನ ಆಶೀರ್ವಾದ. ನೀನು ಸೊಂಟ ನೋಡಿಕೋ, ಭಾರ ಎತ್ತಬೇಡ.

ನಿನ್ನ ಅಕ್ಕ

ವಿ.ಸೂ.: ಕಾಗದ ಇನ್ನೂ ಅಂಚೆಗೆ ಹಾಕಿಲ್ಲ. ಇವತ್ತು ಗುರುವಾರ, ಹೋಗಿ ಬಂದೆವು. ಹೇಳಿದಂತೆಯೇ ಪರದೆಯ ಹಿಂದೆ ನಿಂತೆ.

"ಇನ್ನಾದ್ರೂ ಅಮ್ಮನಿಗೆ ಹೇಳಿಬಿಡಿ. ಗಡ್ಡೆ ಎಲ್ಲಾ ಕಡೆ ಹರಡಿದೆ. ನೋವು ಕಡಿಮೆ ಮಾಡೋದಷ್ಟೇ ಈಗ ನಮ್ಮ ಕೈಲಿರೋದು" ಎಂದರು ಡಾಕ್ಟರಮ್ಮ.

"ಹೇಳ್ತೀನಿ ತಾಯಿ. ಮೊದಲು ಅವಳ ಬಿಪಿ ಇಳೀಲಿ. ಅವಳನ್ನ ನೋಡ್ಕೊಳ್ತೀವಿ ಅಂತ ನೀವೆಲ್ಲ ಮಾತು ಕೊಟ್ಟಿದ್ದೀರಿ" ಎಂದರು ನಿನ್ನ ಭಾವ.

ಪರದೆಯ ಕೆಳಗೆ ನನ್ನ ಕಾಲು ನರ್ಸಿಗೆ ಕಂಡಿರಬೇಕು. ಈಚೆ ಬಂದು, ಒಂದು ಲೋಟ ನೀರು ನನ್ನ ಕೈಗಿಟ್ಟಳು. ಕುಡಿದು, ಮುಖ ಒರೆಸಿಕೊಂಡು, ಒಳಗೆ ಹೋಗಿ ತೋಳು ಚಾಚಿದೆ.

ಕಂಡ ಕಂಡವರ ಮೇಲೆಲ್ಲ ಅನುಮಾನಪಟ್ಟೆ. ಪಕ್ಕದಲ್ಲೇ ಮಲಗುವವರ ಮೇಲೆ ಒಂದು ದಿನವೂ ಅನುಮಾನ ಬರಲಿಲ್ಲ ಕಣೇ. ಹೊರಗಿನವರಿಗೆಲ್ಲ ಗೊತ್ತು, ನನಗೆ ಹೇಳಲಿಲ್ಲ.

ಬಿಪಿ ಇಳಿಯುತ್ತಿದೆಯಂತೆ. ಪೂರ್ತಿ ಇಳಿದರೆ ಹೇಳಿಬಿಡುತ್ತಾರೆ. ಆ ಹುಡುಗಿ ಫೋನ್ ಮಾಡುವ ಹೊತ್ತಾಯಿತು, ಮಾತ್ರೆ ಇನ್ನೂ ನನ್ನ ಕೈಯಲ್ಲೇ ಇದೆ.